ಕಾರಿನ ಬಾಗಿಲಿಗೆ ಚರ್ಮ: ಮೊದಲು ನೀರಿನ ಲೆಕ್ಕ

(ಶಿವಮೊಗ್ಗದಲ್ಲಿ ಹಳೆಯ ಕಾರು ಇಟ್ಟುಕೊಂಡಿರುವ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಬಂದವರಲ್ಲಿ ಜಾಸ್ತಿ ಜನರ ಮನೆಯಲ್ಲಿ ಮಾರುತಿ 800 ಇದೆ. ಒಂದಿಬ್ಬರ ಹತ್ತಿರ ಅಂಬಾಸಡರ್ ಇದೆ. ಎರಡೂ ಕಾರುಗಳ ತಯಾರಿಕೆ ನಿಂತದ್ದು 2014ರಲ್ಲಿ. ಎಂಜಿನ್ನಿನ ಸಾಮಾನು ಹುಡುಕಿದರೆ ಈಗಲೂ ಸಿಗುತ್ತದೆ. ಆದರೆ ಬಾಗಿಲಿನ ಒಳಭಾಗದ ಹೊದಿಕೆ, ನಮ್ಮ ಮೆಕ್ಯಾನಿಕ್‌ಗಳು ಡೋರ್ ಪ್ಯಾಡ್ ಅನ್ನುತ್ತಾರಲ್ಲ, ಅದು ಹೊಸದಾಗಿ ಸಿಗುವುದು ಕಷ್ಟ. ಹಾಗಾಗಿ ಅದನ್ನು ಮನೆಯಲ್ಲೇ ಬಿಚ್ಚಿ, ಚರ್ಮ ಹೊದಿಸಿ, ಮತ್ತೆ ಕೂರಿಸುವುದು ಹೇಗೆ ಅನ್ನುವುದು ಇವತ್ತಿನ ವಿಷಯ.

ಈ ಕೆಲಸ ಶುರು ಮಾಡುವವರು ಮೊದಲು ಕೇಳುವುದು ಬಣ್ಣದ ಬಗ್ಗೆ. ಟ್ಯಾನ್ ಚೆನ್ನಾಗಿರುತ್ತಾ, ಕಪ್ಪು ಚೆನ್ನಾಗಿರುತ್ತಾ, ಹೊಲಿಗೆ ಕೆಂಪು ದಾರದಲ್ಲಿ ಹಾಕಿಸಲಾ? ಅದೆಲ್ಲ ಆಮೇಲೆ. ಮೊದಲು ನೀರಿನ ವಿಷಯ ಮಾತಾಡೋಣ. ನಾನು ಬಿಚ್ಚಿ ನೋಡಿದ ಡೋರ್ ಪ್ಯಾಡ್‌ಗಳಲ್ಲಿ ಬಹುಪಾಲು ಹಾಳಾಗಿದ್ದು ಒಳಗಡೆಯಿಂದ. ಮೇಲಿನ ರೆಕ್ಸಿನ್ ಹರಿಯುವ ಮೊದಲೇ ಹಿಂದಿನ ಹಲಗೆ ಕೊಳೆತಿರುತ್ತದೆ. ಅಂಥ ಹಲಗೆಯ ಮೇಲೆ ದುಬಾರಿ ಚರ್ಮ ಅಂಟಿಸಿದರೆ ಎರಡು ಮಳೆಗಾಲವೂ ಬಾಳುವುದಿಲ್ಲ.

ಕಾರಿನ ಬಾಗಿಲೊಳಗೆ ಮಳೆ ನೀರು ಹೋಗುತ್ತದೆ. ಇದು ಕಾರು ಕೆಟ್ಟಿರುವುದರ ಲಕ್ಷಣ ಅಲ್ಲ, ಬಾಗಿಲನ್ನು ಮಾಡಿರುವುದೇ ಹಾಗೆ. ಗಾಜು ಇಳಿಯುವ ಸೀಳಿನಲ್ಲಿ ಒಂದು ರಬ್ಬರ್ ಪಟ್ಟಿ ಇರುತ್ತದೆ. ಅದು ಗಾಜಿನ ಮೇಲಿನ ನೀರನ್ನು ಒರೆಸುತ್ತದೆ, ಪೂರ್ತಿ ತಡೆಯುವುದಿಲ್ಲ. ಒಳಗೆ ಇಳಿದ ನೀರು ಹೊರಗಿನ ತಗಡಿನ ಒಳಮೈ ಹಿಡಿದು ಕೆಳಗೆ ಹರಿದು, ಬಾಗಿಲಿನ ತಳದಲ್ಲಿರುವ ಸಣ್ಣ ತೂತುಗಳಿಂದ ಆಚೆ ಹೋಗುತ್ತದೆ. ಒಳಗಿನ ತಗಡಿಗೂ ಡೋರ್ ಪ್ಯಾಡ್‌ಗೂ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಒಳಗೆ ಸಿಡಿದ ಹನಿಗಳು ಪ್ಯಾಡಿಗೆ ತಾಗದಂತೆ ಕಾಯುವುದು ಆ ಹಾಳೆ. ಅಷ್ಟೇ ವ್ಯವಸ್ಥೆ. ಸರಳ, ಆದರೆ ಹಾಳೆ ಹರಿದರೆ ಎಲ್ಲ ಮುಗಿಯಿತು.

ಮತ್ತೆ ಆ ಹಾಳೆ ಹರಿಯದೆ ಉಳಿದಿರುವ ಹಳೆಯ ಕಾರು ಅಪರೂಪ. ಯಾವಾಗಲೋ ಗಾಜು ಇಳಿಯದೆ ನಿಂತಿರುತ್ತದೆ. ರಿಪೇರಿ ಮಾಡುವವರು ಹಾಳೆಯನ್ನು ಪರ್ರನೆ ಹರಿದು, ಕೈ ಹಾಕಿ ಕೆಲಸ ಮುಗಿಸಿ, ಹಾಗೇ ಪ್ಯಾಡ್ ಮುಚ್ಚಿರುತ್ತಾರೆ. ಆಮೇಲೆ ಪ್ರತಿ ಮಳೆಗೂ ಹಿಂದಿನ ಹಾರ್ಡ್‌ಬೋರ್ಡ್ ನೀರು ಕುಡಿಯುತ್ತದೆ. ಹಾರ್ಡ್‌ಬೋರ್ಡ್ ಅಂದರೆ ಒತ್ತಿ ಗಟ್ಟಿ ಮಾಡಿದ ಮರದ ನಾರು. ನೆನೆದರೆ ಊದಿಕೊಳ್ಳುತ್ತದೆ, ಒಣಗಿದರೆ ಪದರ ಬಿಡುತ್ತದೆ. ಕ್ಲಿಪ್ ಕೂರುವ ತೂತುಗಳು ಹಿಗ್ಗಿ ಹರಿಯುತ್ತವೆ. ಪ್ಯಾಡಿನ ಕೆಳ ಅಂಚು ನಿಮ್ಮ ಕಾಲಿನ ಕಡೆಗೆ ಬಾಗಿ ನಿಲ್ಲುತ್ತದೆ. ರಸ್ತೆಯಲ್ಲಿ ಗುಂಡಿ ಸಿಕ್ಕಾಗಲೆಲ್ಲ ಗಡಗಡ ಸದ್ದು. ನಮ್ಮ ಮಲೆನಾಡಿನಲ್ಲಿ, ಅದರಲ್ಲೂ ತೀರ್ಥಹಳ್ಳಿ, ಹೊಸನಗರದ ಕಡೆಯ ಕಾರುಗಳಲ್ಲಿ, ಇದನ್ನು ನೋಡದವರು ಯಾರಿದ್ದಾರೆ?

ಆದ್ದರಿಂದ ಪ್ಯಾಡ್ ಬಿಚ್ಚಿದ ಮೇಲೆ ಒಂದು ಪರೀಕ್ಷೆ ಮಾಡಿ. ಗಾಜನ್ನು ಪೂರ್ತಿ ಏರಿಸಿ. ಒಬ್ಬರು ಹೊರಗೆ ನಿಂತು ಚೊಂಬಿನಿಂದ ಗಾಜಿನ ಮೇಲೆ ನಿಧಾನಕ್ಕೆ ನೀರು ಹೊಯ್ಯಲಿ. ನೀವು ಒಳಗೆ ಕೂತು, ತಗಡಿನ ತೂತಿನಲ್ಲಿ ಟಾರ್ಚ್ ಬಿಟ್ಟು ನೋಡಿ. ನೀರು ಗಾಜಿನ ಮೇಲೆ ಪರದೆಯಾಗಿ ಇಳಿಯುತ್ತದೆ. ಗಾಜು ಏರಿಸುವ ತೋಳಿಗೆ ಬಡಿದಲ್ಲಿ ಹನಿಯೊಡೆದು ಒಳಗಿನ ತಗಡಿನ ಕಡೆಗೆ ಸಿಡಿಯುತ್ತದೆ. ಕೆಳಗೆ ಬಗ್ಗಿ ತಳದ ತೂತು ನೋಡಿ. ಸಣ್ಣಗೆ ಧಾರೆ ಬಿದ್ದರೆ ಸರಿ. ಬೀಳದಿದ್ದರೆ ಅಲ್ಲಿ ಎಲೆ, ಧೂಳು, ತುಕ್ಕಿನ ಹುಡಿ ಸೇರಿ ಗಟ್ಟಿಯಾಗಿ ಕೂತಿದೆ ಅಂತ ಅರ್ಥ. ಬಿದಿರಿನ ಕಡ್ಡಿಯಿಂದ ಬಿಡಿಸಿ. ಸ್ಕ್ರೂ ಡ್ರೈವರ್ ಬೇಡ, ಬಣ್ಣ ಕೆತ್ತಿ ಹೋಗಿ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ.

ಒಂದು ದಿನ ಪೂರ್ತಿ ಒಣಗಲು ಬಿಡಿ. ತುಕ್ಕಿದ್ದಲ್ಲಿ ಉಜ್ಜಿ ಪ್ರೈಮರ್ ಹಚ್ಚಿ. ಆಮೇಲೆ ಹೊಸ ಹಾಳೆ. 150 ಮೈಕ್ರಾನ್ ಆಸುಪಾಸಿನ ದಪ್ಪ ಪಾಲಿಥಿನ್ ಸಾಕು. ಅಂಟಿಸಲು ಬ್ಯೂಟೈಲ್ ಟೇಪ್ ಬಳಸಿ. ಕಪ್ಪಗೆ, ಮೇಣದ ಹಾಗೆ ಮೆತ್ತಗಿರುತ್ತದೆ. ಮುಂದೆ ಬಿಚ್ಚಬೇಕಾದರೂ ಹಾಳೆ ಹರಿಯದೆ ಬರುತ್ತದೆ. ವಿನೆಗರ್ ವಾಸನೆ ಬರುವ ಸಿಲಿಕೋನ್ ಸೀಲೆಂಟ್ ಹಾಕಬೇಡಿ, ಅದರ ಆಮ್ಲ ತಗಡನ್ನು ತಿನ್ನುತ್ತದೆ. ಮುಖ್ಯವಾದ ಮಾತು ಇನ್ನೊಂದಿದೆ. ಹಾಳೆಯ ಕೆಳ ಅಂಚನ್ನು ಬಾಗಿಲಿನ ಒಳಕ್ಕೆ, ಒಳಗಿನ ತಗಡಿನ ಬುಡದಲ್ಲಿರುವ ಸೀಳಿನೊಳಗೆ ತೂರಿಸಬೇಕು. ಆಗ ಹಾಳೆಯ ಮೇಲೆ ಬಿದ್ದ ಹನಿ ಜಾರಿ ಮತ್ತೆ ಬಾಗಿಲೊಳಗೇ ಬೀಳುತ್ತದೆ. ಹೊರಗೆ ಇಳಿಬಿಟ್ಟರೆ ಅದೇ ನೀರು ನೇರ ಪ್ಯಾಡಿನ ಬುಡಕ್ಕೆ ಬರುತ್ತದೆ.

ಇನ್ನು ಪ್ಯಾಡ್ ಬಿಚ್ಚುವ ಕ್ರಮ. ಹಿಡಿ, ಕೈ ಆನಿಸುವ ಭಾಗ, ಒಳಗಿನ ಲಾಕ್ ಎಳೆಯುವ ಬಟ್ಟಲು, ಇಲ್ಲೆಲ್ಲ ಸ್ಕ್ರೂ ಅಡಗಿರುತ್ತದೆ. ಸಣ್ಣ ಮುಚ್ಚಳ ಕಂಡರೆ ಎಬ್ಬಿಸಿ ನೋಡಿ. ಎಲ್ಲ ಸ್ಕ್ರೂ ತೆಗೆದ ಮೇಲೆ ಅಂಚಿನ ಸುತ್ತ ಕ್ಲಿಪ್‌ಗಳು ಉಳಿಯುತ್ತವೆ. ಪ್ಲಾಸ್ಟಿಕ್ ಪಟ್ಟಿಯನ್ನು ಕ್ಲಿಪ್ಪಿನ ಪಕ್ಕದಲ್ಲೇ ತೂರಿಸಿ ಎಬ್ಬಿಸಿ. ದೂರದಿಂದ ಎಳೆದರೆ ಹಲಗೆ ಮುರಿಯುತ್ತದೆ, ಕ್ಲಿಪ್ ಅಲ್ಲೇ ಉಳಿಯುತ್ತದೆ.

ಮಾರುತಿ 800ರ ಗಾಜು ತಿರುಗಿಸುವ ಹಿಡಿಯಲ್ಲಿ ಸ್ಕ್ರೂ ಕಾಣುವುದಿಲ್ಲ. ಎಷ್ಟೋ ಜನ ಇಲ್ಲೇ ಸೋತು, ಎಳೆದು ಮುರಿಯುತ್ತಾರೆ. ಹಿಡಿಯ ಹಿಂದೆ ಕುದುರೆ ಲಾಳದ ಆಕಾರದ ಒಂದು ಸ್ಪ್ರಿಂಗ್ ಕ್ಲಿಪ್ ಇರುತ್ತದೆ. ಹಳೆಯ ಪಂಚೆಯಿಂದ ಎರಡು ಬೆರಳಗಲದ ಪಟ್ಟಿ ಹರಿದುಕೊಳ್ಳಿ. ಹಿಡಿಗೂ ಅದರ ಹಿಂದಿನ ಬಿಲ್ಲೆಗೂ ನಡುವೆ ಆ ಪಟ್ಟಿ ತೂರಿಸಿ, ಎರಡೂ ತುದಿ ಹಿಡಿದು, ಆಚೆ ಈಚೆ ಎಳೆಯುತ್ತಾ ಹೋಗಿ. ಬಟ್ಟೆಯ ನೂಲು ಕ್ಲಿಪ್ಪಿನ ತುದಿಗೆ ಸಿಕ್ಕಿಕೊಂಡು ಅದು ಟಣ್ ಅಂತ ಹಾರುತ್ತದೆ. ಹಾರಿ ಎಲ್ಲಿಗೆ ಹೋಯಿತು ಅಂತ ಹುಡುಕುವುದು ದೊಡ್ಡ ಕೆಲಸ. ಸೀಟಿನ ಮೇಲೆ, ಕೆಳಗೆ ಒಂದು ಬಿಳಿ ಬೆಡ್‌ಶೀಟ್ ಹಾಸಿಕೊಂಡಿರಿ. ಕೆಲವು ಹಳೆಯ ಕಾರುಗಳಲ್ಲಿ ಕ್ಲಿಪ್ಪಿನ ಬದಲು ಸಣ್ಣ ಪಿನ್ ಇರುತ್ತದೆ. ಬಿಲ್ಲೆಯನ್ನು ಒಳಕ್ಕೆ ಒತ್ತಿದರೆ ಪಿನ್ ಕಾಣುತ್ತದೆ, ಸಣ್ಣ ಮೊಳೆಯಿಂದ ತಟ್ಟಿ ತೆಗೆಯಬಹುದು.

ಹಲಗೆ ಕೊಳೆತಿದ್ದರೆ ಹೊಸದು ಕತ್ತರಿಸಿ. 3 ಮಿಲಿಮೀಟರಿನ, ನೀರು ತಡೆಯುವ ಮರೈನ್ ಪ್ಲೈ ಅಥವಾ ಎಬಿಎಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಶೀಟ್ ಆಗುತ್ತದೆ. ಹಳೆಯ ಹಲಗೆಯನ್ನೇ ಅಚ್ಚಾಗಿ ಇಟ್ಟು ಗೀಟು ಹಾಕಿ. ಕ್ಲಿಪ್ಪಿನ ತೂತುಗಳ ಜಾಗ ಒಂದು ಕೂದಲೆಳೆ ಆಚೀಚೆ ಆಗಬಾರದು. ಪ್ಲೈ ಆದರೆ ಎರಡೂ ಮುಖಕ್ಕೆ, ಅಂಚುಗಳಿಗೆ, ತೂತಿನ ಒಳಮೈಗೆ ಸಹ ಪಾಲಿಯುರೆಥೇನ್ ವಾರ್ನಿಶ್ ಕುಡಿಸಿ. ನೀರು ಒಳಗೆ ಹೋಗುವುದು ಅಂಚಿನಿಂದಲೇ.

ಹೊಸ ಕಾಲದ ಕಾರಿನ ಪ್ಯಾಡ್ ಪೂರ್ತಿ ಪ್ಲಾಸ್ಟಿಕ್. ಅದರ ಬೆನ್ನು ತಿರುಗಿಸಿ ನೋಡಿ. ಎರಡು ಬಾಣದ ಗುರುತಿನ ನಡುವೆ ಅದು ಯಾವ ಪ್ಲಾಸ್ಟಿಕ್ ಅಂತ ಉಬ್ಬಿದ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಎಬಿಎಸ್ ಅಂತಿದ್ದರೆ ಗೋಂದು ಚೆನ್ನಾಗಿ ಹಿಡಿಯುತ್ತದೆ. ಪಿಪಿ, ಅಂದರೆ ಪಾಲಿಪ್ರೊಪಿಲೀನ್ ಅಂತಿದ್ದರೆ ಹುಷಾರು. ಅದರ ಮೈ ಯಾವ ಗೋಂದನ್ನೂ ಸುಲಭವಾಗಿ ಒಪ್ಪುವುದಿಲ್ಲ. ಅದಕ್ಕೆಂದೇ ಬರುವ, ಗೋಂದು ಹಿಡಿಯುವಂತೆ ಮಾಡುವ ಅಡ್‌ಹೀಷನ್ ಪ್ರಮೋಟರ್ ದ್ರವ ಹೊಡೆದು ಆಮೇಲೆ ಅಂಟಿಸಬೇಕು. ಯಾವ ಪ್ಲಾಸ್ಟಿಕ್ ಆದರೂ ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, 150 ನಂಬರಿನ ಉಜ್ಜುಕಾಗದದಿಂದ ಉಜ್ಜಿ. ವರ್ಷಗಟ್ಟಲೆ ಹೊಳಪಿಗೆ ಹಾಕಿದ ಡ್ಯಾಶ್‌ಬೋರ್ಡ್ ಪಾಲಿಶಿನ ಸಿಲಿಕೋನ್ ಅದರ ಮೇಲೆ ಕೂತಿರುತ್ತದೆ. ಅದರ ಮೇಲೆ ಗೋಂದು ನಿಲ್ಲುವುದಿಲ್ಲ.

ಈಗ ಚರ್ಮ. ಅಂಗಡಿಯಲ್ಲಿ ಲೆದರ್ ಅಂತ ಕೊಡುವುದರಲ್ಲಿ ಬಹಳಷ್ಟು ಪ್ಲಾಸ್ಟಿಕ್ ಪದರ ಬಳಿದ ಪಿಯು ಅಥವಾ ಪಿವಿಸಿ ಬಟ್ಟೆ. ಅದು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ಆದರೆ ಚರ್ಮದ ದುಡ್ಡು ಕೊಟ್ಟು ಅದನ್ನು ತರಬೇಡಿ. ಹಿಂಬದಿ ತಿರುಗಿಸಿ ನೋಡಿ. ನೇಯ್ಗೆ ಕಂಡರೆ ಬಟ್ಟೆ. ದಿಕ್ಕಿಲ್ಲದ ನಾರು ನಾರಾಗಿ, ಮಖಮಲ್ಲಿನ ಹಾಗೆ ಕೈಗೆ ಸಿಕ್ಕರೆ ಚರ್ಮ. ಚರ್ಮದ ಚೂರುಗಳನ್ನು ಅರೆದು ಅಂಟಿಸಿ ಮಾಡಿದ ಬಾಂಡೆಡ್ ಲೆದರ್ ಕೂಡ ಇದೆ. ಅದನ್ನಂತೂ ಬಾಗಿಲಿಗೆ ಹಾಕಲೇಬೇಡಿ, ಮಡಚಿದಲ್ಲಿ ಸಿಪ್ಪೆ ಏಳುತ್ತದೆ.

ಹದ ಮಾಡುವ ರೀತಿಯನ್ನೂ ಗಮನಿಸಬೇಕು. ನಮ್ಮಲ್ಲಿ ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿಗೆ ಎಷ್ಟು ಹೆಸರು! ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿದವು. ಆ ಚರ್ಮವನ್ನು ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡುತ್ತಾರೆ. ಬಹಳ ಚೆಂದದ ಚರ್ಮ, ಆ ಕೈಗಳ ಬಗ್ಗೆ ನನಗೆ ಅಪಾರ ಗೌರವ. ಆದರೆ ಕಾರಿನ ಬಾಗಿಲಿಗೆ ಅದು ಒಗ್ಗುವುದಿಲ್ಲ. ಗಿಡಮೂಲಿಕೆಯಲ್ಲಿ ಹದ ಮಾಡಿದ ಚರ್ಮ ಒದ್ದೆಯಾಗಿದ್ದಾಗ ಸುಮಾರು 70ರಿಂದ 85 ಡಿಗ್ರಿ ಬಿಸಿಗೆ ಮುದುಡಿಕೊಳ್ಳುತ್ತದೆ. ಕ್ರೋಮ್‌ನಲ್ಲಿ, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು 100 ಡಿಗ್ರಿ ತಡೆಯುತ್ತದೆ. ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ದಾಟಬಲ್ಲದು. ಗಾಜಿನ ಕೆಳಗಿರುವ ಪ್ಯಾಡಿನ ಮೇಲಂಚಿಗೂ ನೇರ ಬಿಸಿಲೇ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ, ಒಳಗಿನ ಪಾಡು ನೀವೇ ಯೋಚಿಸಿ.

ಅಂಗಡಿಯಲ್ಲಿ ಅಪ್‌ಹೋಲ್ಸ್ಟರಿ ಲೆದರ್ ಅಂತಲೇ ಕೇಳಿ. ಬ್ಯಾಗು, ಜಾಕೆಟ್ಟಿನ ಚರ್ಮದ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ. ಕುರ್ಚಿ, ಕಾರಿಗೆ ಮಾಡಿದ ಚರ್ಮದ ಮೇಲೆ ಬಣ್ಣ, ಅದರ ಮೇಲೆ ರಕ್ಷಣೆಯ ತೆಳು ಪದರ ಇರುತ್ತದೆ. ಬಾಗಿಲಿಗೆ 0.8ರಿಂದ 1 ಮಿಲಿಮೀಟರ್ ದಪ್ಪ ಹಿತ. ಸೀಟಿಗೆ ಬಳಸುವ 1.2 ಮಿಲಿಮೀಟರಿನದ್ದು ಮೂಲೆಗಳಲ್ಲಿ ಮಡಚಲು ಒಪ್ಪುವುದಿಲ್ಲ. ಚೆನ್ನೈನ ಪೆರಿಯಮೇಟ್‌ನಲ್ಲಿ ಚರ್ಮದ ಸಗಟು ಅಂಗಡಿಗಳ ಸಾಲೇ ಇದೆ. ಆಂಬೂರು, ರಾಣಿಪೇಟೆಯ ಹದ ಮಾಡುವ ಕಾರ್ಖಾನೆಗಳೂ ನಮಗೆ ದೂರವಲ್ಲ. ಕ್ಲಿಪ್, ಫೋಮ್, ರೆಕ್ಸಿನ್, ದಾರ ಇವೆಲ್ಲ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ.

ಚರ್ಮ ಮಾರುವುದು ಚದರ ಅಡಿ ಲೆಕ್ಕದಲ್ಲಿ. ದನದ ತೊಗಲಿನ ಅಳತೆ ಒಂದೊಂದರದ್ದು ಒಂದೊಂದು ತರ. ನಾಲ್ಕು ಬಾಗಿಲಿಗೆ ಪೂರ್ತಿ ಹೊದಿಸಲು ಒಂದೊಂದಕ್ಕೆ 6 ಚದರ ಅಡಿಯಂತೆ 24 ಬೇಕು ಅಂದುಕೊಳ್ಳಿ. ಅದರ ಮೇಲೆ ಕಾಲು ಭಾಗವಾದರೂ ವ್ಯರ್ಥಕ್ಕೆ ಬಿಡಬೇಕು. ತೊಗಲು ಬಟ್ಟೆಯಂತೆ ಚೌಕವಾಗಿರುವುದಿಲ್ಲ, ಗಾಯದ ಗುರುತು, ಉಣ್ಣಿ ಹುಳ ಕಚ್ಚಿದ ಕಲೆ ಎಲ್ಲ ಇರುತ್ತವೆ. ಬೆನ್ನಿನ ಭಾಗ ಗಟ್ಟಿ, ಹಿಗ್ಗುವುದು ಕಡಿಮೆ. ಹೊಟ್ಟೆಯ ಭಾಗ ಸಡಿಲ, ಎಳೆದಷ್ಟೂ ಬರುತ್ತದೆ, ಆಮೇಲೆ ಜೋತು ಬೀಳುತ್ತದೆ. ಕಣ್ಣಿಗೆ ಕಾಣುವ ದೊಡ್ಡ ತುಂಡುಗಳನ್ನು ಬೆನ್ನಿನಲ್ಲೇ ಕತ್ತರಿಸಿ.

ನನ್ನ ಸಲಹೆ ಕೇಳಿದರೆ, ಪ್ಯಾಡಿನ ನಡುಭಾಗಕ್ಕೆ, ಕೈ ಆನಿಸುವಲ್ಲಿಗೆ ಮಾತ್ರ ಚರ್ಮ ಹಾಕಿ. ಕೆಳಗೆ, ಕಾಲು ತಾಗುವ, ಕೆಸರು ಸಿಡಿಯುವ ಭಾಗಕ್ಕೆ ಅದೇ ಬಣ್ಣದ ಒಳ್ಳೆಯ ರೆಕ್ಸಿನ್ ಸಾಕು. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಲೆದರ್ ಸೀಟ್ ಅಂತ ಮಾರುವ ಎಷ್ಟೋ ದುಬಾರಿ ಕಾರುಗಳಲ್ಲೂ ಮೈ ತಾಗುವ ಕಡೆ ಚರ್ಮ, ಪಕ್ಕಕ್ಕೆ, ಬಾಗಿಲಿಗೆ ರೆಕ್ಸಿನ್ ಜಾತಿಯ ವಿನೈಲ್ ಇರುತ್ತದೆ. ಕೈಗೆ ಚರ್ಮ ಸಿಗುತ್ತದೆ, ಖರ್ಚು ಅರ್ಧ ಉಳಿಯುತ್ತದೆ, ಒದ್ದೆ ಶೂ ತಾಗಿದರೆ ಚಿಂತೆ ಇಲ್ಲ.

ಅಚ್ಚು ತೆಗೆಯುವಾಗ ಹಳೆಯ ರೆಕ್ಸಿನ್ನನ್ನೇ ನಂಬಬೇಡಿ. ಅದು ವರ್ಷಗಳಿಂದ ಹಿಗ್ಗಿರುತ್ತದೆ. ಹೊಲಿಗೆ ಎಲ್ಲಿತ್ತು ಅನ್ನುವುದಕ್ಕೆ ಮಾತ್ರ ಅದನ್ನು ನೋಡಿ. ಪ್ಯಾಡಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಮಾಸ್ಕಿಂಗ್ ಟೇಪ್ ಅಂಟಿಸಿ, ಹೊಸದಾಗಿ ಗೆರೆ ಎಳೆಯಿರಿ. ಸುತ್ತ 25 ಮಿಲಿಮೀಟರ್ ಹೆಚ್ಚಿಗೆ ಬಿಡಿ, ಹಿಂದಕ್ಕೆ ಮಡಚಿ ಅಂಟಿಸಬೇಕಲ್ಲ. ಎಡಗಡೆಯ ಅಚ್ಚನ್ನು ಮಗುಚಿದರೆ ಬಲಗಡೆಯದು. ಅಚ್ಚಿನ ಮೇಲೆ ದಪ್ಪ ಅಕ್ಷರದಲ್ಲಿ ಎಡ, ಬಲ ಅಂತ ಬರೆದಿಡಿ. ಎರಡೂ ಎಡಗಡೆಯದೇ ಕತ್ತರಿಸಿ ಕೂತವರನ್ನು ನಾನು ಕಂಡಿದ್ದೇನೆ, ಚರ್ಮದಲ್ಲಿ ಆ ನಷ್ಟ ಸಣ್ಣದಲ್ಲ.

ಎರಡು ತುಂಡು ಸೇರುವಲ್ಲಿ ಹೊಲಿಗೆ ಬೇಕು. ಮನೆಯಲ್ಲಿರುವ ಹಳೆಯ ಕಬ್ಬಿಣದ ಹೊಲಿಗೆ ಯಂತ್ರ ತೆಳು ಚರ್ಮದ ಎರಡು ಪದರವನ್ನು ಹೊಲಿಯುತ್ತದೆ. ಚರ್ಮಕ್ಕೆಂದೇ ಬರುವ 16 ಅಥವಾ 18ನೇ ನಂಬರಿನ ಸೂಜಿ ಹಾಕಿ. ದಾರ ಪಾಲಿಯೆಸ್ಟರ್ ಇರಲಿ. ಹತ್ತಿ ದಾರ ಕೊಳೆಯುತ್ತದೆ, ನೈಲಾನ್ ಬಿಸಿಲಿಗೆ ಪಾಲಿಯೆಸ್ಟರಿನಷ್ಟು ತಡೆಯುವುದಿಲ್ಲ. ಹೊಲಿಗೆಯ ಉದ್ದ 4 ಮಿಲಿಮೀಟರಿನಷ್ಟಿರಲಿ. ಒತ್ತೊತ್ತಾಗಿ ಹೊಲಿದರೆ ತೂತಿನ ಸಾಲಿನಲ್ಲೇ ಚರ್ಮ ಹರಿಯುತ್ತದೆ. ಗುಂಡುಸೂಜಿ ಚುಚ್ಚಬೇಡಿ. ಚರ್ಮದಲ್ಲಿ ಆದ ತೂತು ಮುಚ್ಚುವುದಿಲ್ಲ. ಬಟ್ಟೆ ಒಣಹಾಕುವ ಕ್ಲಿಪ್ ಸಾಕು. ಯಂತ್ರ ಇಲ್ಲದಿದ್ದರೆ ತೂತು ಮೊದಲೇ ಹೊಡೆದುಕೊಂಡು, ಒಂದೇ ದಾರದ ಎರಡು ತುದಿಗೂ ಸೂಜಿ ಹಾಕಿ ಕೈಯಲ್ಲೇ ಹೊಲಿಯಬಹುದು. ಊರಿನಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಅರ್ಧ ಗಂಟೆ ಕೂತು ನೋಡಿ, ಆ ಕೈ ಕೆಲಸ ಬೇರೆ ಯಾರೂ ಅಷ್ಟು ಚೆನ್ನಾಗಿ ಕಲಿಸುವುದಿಲ್ಲ. ಅಂಚನ್ನು ರಂಪಿಗೆಯಿಂದ, ಅಂದರೆ ಚರ್ಮ ಹೆರೆಯುವ ಉಳಿಯಿಂದ, ಹೆರೆದು ತೆಳು ಮಾಡುವುದನ್ನೂ ಅವರಲ್ಲೇ ಕಲಿಯಿರಿ. ಅಂಚು ಹೆರೆಯದೆ ಮಡಚಿದರೆ ಪ್ಯಾಡಿನ ಸುತ್ತ ದಪ್ಪ ಉಬ್ಬು ಕಾಣುತ್ತದೆ, ಪ್ಯಾಡ್ ತಗಡಿಗೆ ಕೂರುವುದೂ ಇಲ್ಲ.

ಕೊನೆಗೆ ಅಂಟಿಸುವುದು. ಮರಕ್ಕೆ ಹಾಕುವ ಬಿಳಿ ಫೆವಿಕಾಲ್ ಇಲ್ಲಿ ಬೇಡ. ಸಿಂಥೆಟಿಕ್ ರಬ್ಬರ್ ಗೋಂದು ಬೇಕು, ಫೆವಿಕಾಲ್ ಎಸ್‌ಆರ್ 998 ತರಹದ್ದು. ಬಿಸಿಲು ಸೀಮೆಯವರು ಬಿಸಿ ತಡೆಯುವ ಗೋಂದು ಅಂತ ಡಬ್ಬದ ಮೇಲೆ ಬರೆದಿರುವುದನ್ನೇ ತನ್ನಿ. ಎರಡೂ ಮೈಗೆ ತೆಳುವಾಗಿ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಡಿ. ಬೆರಳು ಮುಟ್ಟಿಸಿದರೆ ಅಂಟಿದಂತೆ ಅನಿಸಬೇಕು, ಬೆರಳಿಗೆ ಹತ್ತಬಾರದು. ಆಗ ಜೋಡಿಸಿ. ಒಮ್ಮೆ ತಾಗಿದರೆ ಮತ್ತೆ ಸರಿಸಲು ಆಗುವುದಿಲ್ಲ. ಅದಕ್ಕೇ ಚರ್ಮದಲ್ಲೂ ಪ್ಯಾಡಿನಲ್ಲೂ ನಡುವೆ ಗುರುತು ಹಾಕಿಕೊಂಡು, ಅರ್ಧ ಭಾಗ ಮಡಚಿಟ್ಟು, ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತಾ ಬನ್ನಿ.

ತಗ್ಗಿರುವಲ್ಲಿ ಮೊದಲು ತಗ್ಗಿನ ತಳಕ್ಕೆ ಚರ್ಮ ಕೂರಿಸಿ. ಮೇಲಿಂದ ಬಿಗಿದು ಆಮೇಲೆ ಒಳಕ್ಕೆ ಒತ್ತಿದರೆ ಸಂಜೆಗೆ ಸರಿ ಕಾಣುತ್ತದೆ, ಬೇಸಿಗೆ ಬಂದಾಗ ಗೋಂದು ಮೆತ್ತಗಾಗಿ ಚರ್ಮ ಎದ್ದು ನಿಲ್ಲುತ್ತದೆ. ಚರ್ಮ ಯಾವಾಗಲೂ ನೇರ ದಾರಿ ಹುಡುಕುತ್ತದೆ. ಆದ್ದರಿಂದ ತಗ್ಗಿನಲ್ಲಿ ಎಳೆತ ಇರಲೇಬಾರದು. ಮರದ ಸೌಟಿನ ಹಿಂಬದಿಯಿಂದ ಒತ್ತಿ, ತುಂಬ ಆಳವಿದ್ದರೆ ಅಲ್ಲಿ ಒಂದು ಹೊಲಿಗೆ ಕೊಟ್ಟು ಎರಡು ತುಂಡಾಗಿ ಮಾಡಿ. ಹೊರ ಮೂಲೆಗಳಲ್ಲಿ ಮಡಚುವ ಚರ್ಮದಿಂದ ತ್ರಿಕೋನದ ಚೂರು ತೆಗೆಯಿರಿ. ಒಳ ಮೂಲೆಗಳಲ್ಲಿ ಬರೀ ಸೀಳು ಸಾಕು, ಅಂಚಿಗೆ 3 ಮಿಲಿಮೀಟರ್ ಇರುವಾಗಲೇ ನಿಲ್ಲಿಸಿ. ಹೀಟ್ ಗನ್ ಬಳಸುವುದಾದರೆ ಚರ್ಮದ ಮೇಲೆ ಅಂಗೈ ಇಡುವಷ್ಟು ಬಿಸಿ ಮಾತ್ರ. ಜಾಸ್ತಿಯಾದರೆ ಚರ್ಮ ಸೆಟೆದು ಗಟ್ಟಿಯಾಗುತ್ತದೆ, ಮತ್ತೆ ಮೆತ್ತಗಾಗುವುದಿಲ್ಲ.

ಈ ಗೋಂದಿನ ಆವಿ ತಲೆಗೆ ಏರುತ್ತದೆ, ಬೆಂಕಿಯೂ ಬೇಗ ಹತ್ತುತ್ತದೆ. ಅಡುಗೆಮನೆ ಪಕ್ಕ, ದೇವರ ದೀಪ, ಊದುಬತ್ತಿ ಇರುವಲ್ಲಿ ಬೇಡ. ಜಗುಲಿಯಲ್ಲಿ, ಗಾಳಿ ಆಡುವಲ್ಲಿ ಮಾಡಿ. ಮಕ್ಕಳನ್ನು ದೂರ ಇಡಿ. ಮಳೆಗಾಲದಲ್ಲಂತೂ ಈ ಕೆಲಸ ಹಿಡಿಯಲೇಬೇಡಿ. ಗೋಂದು ಒಣಗುವಾಗ ಅದರ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಅಂಟು ಹಿಡಿಯುವುದಿಲ್ಲ. ನಮ್ಮ ಕಡೆ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು, ಮಲೆನಾಡಿನಲ್ಲಿ ಚರ್ಮಕ್ಕೆ ಬೂಷ್ಟು ಹಿಡಿಯುತ್ತದಲ್ಲ, ಕೊಬ್ಬರಿ ಎಣ್ಣೆ ಸವರಬಹುದಾ? ಬೇಡ. ಕಾರಿನ ಚರ್ಮದ ಮೇಲೆ ರಕ್ಷಣೆಯ ಪದರ ಇರುವುದರಿಂದ ಎಣ್ಣೆ ಒಳಗೆ ಇಳಿಯುವುದಿಲ್ಲ. ಮೇಲೆಯೇ ಕೂತು ಧೂಳು ಹಿಡಿಯುತ್ತದೆ, ಕಮಟು ವಾಸನೆ ಬರುತ್ತದೆ. ಬಟ್ಟೆ ಸೋಪೂ ಬೇಡ. ಚರ್ಮ ಸ್ವಲ್ಪ ಆಮ್ಲ ಗುಣದ್ದು, ಸೋಪಿನ ಕ್ಷಾರ ಅದಕ್ಕೆ ಆಗದು. ಒಣ ಬಟ್ಟೆಯಲ್ಲಿ ಬೂಷ್ಟು ಒರೆಸಿ, ಚರ್ಮಕ್ಕೆಂದೇ ಬರುವ ಕ್ಲೀನರ್ ಹಾಕಿದ ಒದ್ದೆ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ, ನೆರಳಿನಲ್ಲಿ ನಾಲ್ಕೂ ಬಾಗಿಲು ತೆರೆದಿಡಿ. ಆಷಾಢದಲ್ಲಿ ವಾರಕ್ಕೊಮ್ಮೆಯಾದರೂ ಗಾಳಿಯಾಡಿಸಿದರೆ ಬೂಷ್ಟು ಹತ್ತಿರ ಬರುವುದಿಲ್ಲ.

ಚರ್ಮದ ಕೆಳಗೆ ಫೋಮ್ ಹಾಕಬೇಕಾ ಅಂತ ಇನ್ನೊಬ್ಬರು ಕೇಳಿದರು. 3 ಮಿಲಿಮೀಟರ್ ಸಾಕು. ನೀರು ಹೀರದ ಜಾತಿಯದ್ದು ಇರಲಿ. ಸೋಫಾದ ಸ್ಪಂಜು ಒದ್ದೆ ಹಿಡಿದಿಟ್ಟುಕೊಂಡು ಕೆಲವು ವರ್ಷದಲ್ಲಿ ಪುಡಿಯಾಗುತ್ತದೆ.

ಹೊಸ ಕಾರಿಗೂ ಇದನ್ನು ಮಾಡಬಹುದಾ ಅನ್ನುವುದು ಕೊನೆಯ ಪ್ರಶ್ನೆ. ಮಾಡಬಹುದು, ಎಚ್ಚರ ಬೇಕು. ಕೆಲವು ಕಾರುಗಳಲ್ಲಿ ಬಾಗಿಲಲ್ಲೇ ಏರ್‌ಬ್ಯಾಗ್ ಇರುತ್ತದೆ. ಆ ಗುರುತು ಕಂಡರೆ ಆ ಪ್ಯಾಡಿಗೆ ಏನನ್ನೂ ಹೊದಿಸಬೇಡಿ, ಅದು ಬಿರಿಯುವ ಜಾಗವನ್ನು ಚರ್ಮ ತಡೆಯುತ್ತದೆ. ಇನ್ನು ಕೆಲವು ಕಾರುಗಳಲ್ಲಿ ಪಕ್ಕದಿಂದ ಡಿಕ್ಕಿಯಾದಾಗ ಬಾಗಿಲೊಳಗಿನ ಗಾಳಿಯ ಒತ್ತಡ ಏರಿದ್ದನ್ನು ಅಳೆಯುವ ಸೆನ್ಸರ್ ಇರುತ್ತದೆ. ಆಗ ಆ ಒಳ ಹಾಳೆ ನೀರಿಗಷ್ಟೇ ಅಲ್ಲ, ಗಾಳಿಗೂ ಬಿಗಿಯಾಗಿರಬೇಕು. ಅಂಥ ಕಾರಿನಲ್ಲಿ ಹಾಳೆಯನ್ನು ಮುಟ್ಟದೆ ಬಿಡಿ, ಹರಿದಿದ್ದರೆ ಕಂಪನಿಯ ಹಾಳೆಯನ್ನೇ ತರಿಸಿ ಹಾಕಿ. ವೈರಿನ ಕನೆಕ್ಟರ್ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದು ಕೆಲವು ನಿಮಿಷ ಕಾಯಿರಿ. ಮತ್ತೆ ಕ್ಲಿಪ್‌ಗಳನ್ನು ಒತ್ತಿ ಪ್ಯಾಡ್ ಕೂರಿಸುವ ಮೊದಲು ಗಾಜು ಏರಿಸಿ ಇಳಿಸಿ, ಲಾಕ್ ಹಾಕಿ ತೆಗೆದು, ಒಳಗಿನ ಹಿಡಿ ಎಳೆದು ನೋಡಿಕೊಳ್ಳಿ. ಹೊಸ ಹೊದಿಕೆಯನ್ನು ಮರುದಿನವೇ ಮತ್ತೆ ಬಿಚ್ಚುವುದು ತಪ್ಪುತ್ತದೆ.